‘ಡಾಕ್ಟರ್ ಗಾಡಿ, ಬರೀ 30 ಸಾವಿರ ಕಿಲೋಮೀಟರ್’: ಸೆಕೆಂಡ್ ಹ್ಯಾಂಡ್ ಪೆಟ್ರೋಲ್ ಮಿನಿ ಎಸ್‌ಯುವಿ ಕೊಳ್ಳುವಾಗ ಯಾವ ಮಾತನ್ನು ನಂಬಬೇಕು?

ದಸರಾ, ದೀಪಾವಳಿ ಹತ್ತಿರ ಬಂದರೆ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಕಾರುಗಳ ಫೋಟೊ ಶುರುವಾಗುತ್ತವೆ. ತೊಳೆದು ಹೊಳಪು ಹಚ್ಚಿದ ಎತ್ತರದ ಸಣ್ಣ ಪೆಟ್ರೋಲ್ ಕಾರು, ಕೆಳಗೆ ಎರಡು ಸಾಲು: ಸಿಂಗಲ್ ಓನರ್, ಕಡಿಮೆ ಓಡಿದೆ, ಇನ್ಶೂರೆನ್ಸ್ ಚಾಲ್ತಿ, ಅರ್ಜೆಂಟ್ ಸೇಲ್. ಅದರ ಹಿಂದೆಯೇ ಬೇರೆ ಫಾರ್ವರ್ಡ್‌ಗಳೂ ಬರುತ್ತವೆ. ‘ಹಳೆ ಕಾರು ಮಾರಿದರೆ 18% ಜಿಎಸ್‌ಟಿ ಕಟ್ಟಬೇಕು’, ‘2023ಕ್ಕಿಂತ ಹಿಂದಿನ ಪೆಟ್ರೋಲ್ ಕಾರು ಇ20ಯಿಂದ ಹಾಳಾಗುತ್ತದೆ’, ‘15 ವರ್ಷವಾದರೆ ಗುಜರಿಗೆ’, ‘ಮಹಾರಾಷ್ಟ್ರದ ಗಾಡಿ ತಗೊಂಡರೆ ಲಕ್ಷ ಉಳಿತಾಯ’. ಇವುಗಳಲ್ಲಿ ಕೆಲವು ಸುಳ್ಳು, ಕೆಲವು ಅರ್ಧ ನಿಜ. ಅರ್ಧ ನಿಜವೇ ಹೆಚ್ಚು ಅಪಾಯಕಾರಿ, ಯಾಕೆಂದರೆ ಅದನ್ನು ನಂಬಿ ನಾಲ್ಕೈದು ಲಕ್ಷ ರೂಪಾಯಿ ಕೈಬದಲಾಗುತ್ತದೆ.

ನಾವು ಈ ಲೇಖನಕ್ಕೆ ವಿಜಯಪುರದ ಸೊಲ್ಲಾಪುರ ರಸ್ತೆಯನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದೇವೆ. ಕಾರಣವಿದೆ. ರಾಷ್ಟ್ರೀಯ ಹೆದ್ದಾರಿ 52ರಲ್ಲಿ ಹೊರ್ತಿ, ಝಳಕಿ ದಾಟಿ ಭೀಮಾ ನದಿ ಮುಟ್ಟಿದರೆ ಮಹಾರಾಷ್ಟ್ರ. ಸೊಲ್ಲಾಪುರ ಇಲ್ಲಿಂದ ಸುಮಾರು 100 ಕಿಲೋಮೀಟರ್. ರಸ್ತೆ ಬದಿಯಲ್ಲಿ ಹತ್ತು ನಿಮಿಷ ನಿಂತರೆ ನಮ್ಮ ಕೆಎ-28 ಜೊತೆಗೆ ಸೊಲ್ಲಾಪುರದ ಎಂಎಚ್-13, ಪುಣೆಯ ಎಂಎಚ್-12, ಸಾಂಗ್ಲಿಯ ಎಂಎಚ್-10 ಎಲ್ಲವೂ ಕಣ್ಣಿಗೆ ಬೀಳುತ್ತವೆ. ಹಳೆಯ ಕಾರುಗಳೂ ಇದೇ ದಾರಿಯಲ್ಲಿ ಬರುತ್ತವೆ. ತಿಕೋಟಾದ ದ್ರಾಕ್ಷಿ ಬೆಳೆಗಾರರು, ಬಬಲೇಶ್ವರದ ಶಿಕ್ಷಕರು, ನಗರದ ಅಂಗಡಿಕಾರರು, ಹೀಗೆ ಮೊದಲ ಬಾರಿ ಕಾರು ಕೊಳ್ಳುವ ಬಹಳ ಮಂದಿ ಕಣ್ಣಿಡುವುದು ಈ ಎತ್ತರದ ಸಣ್ಣ ಪೆಟ್ರೋಲ್ ಗಾಡಿಗಳ ಮೇಲೆಯೇ.

ಇದು ಜೀಪಲ್ಲ, ಎತ್ತರದ ಕಾರು

ಜನ ‘ಮಿನಿ ಎಸ್‌ಯುವಿ’ ಎನ್ನುತ್ತಾರೆ, ಕಂಪನಿಗಳು ‘ಕ್ರಾಸ್‌ಓವರ್’ ಎನ್ನುತ್ತವೆ. ಟಾಟಾ ಪಂಚ್, ಹ್ಯುಂಡೈ ಎಕ್ಸ್‌ಟರ್, ನಿಸಾನ್ ಮ್ಯಾಗ್ನೈಟ್, ಮಾರುತಿ ಇಗ್ನಿಸ್, ಫ್ರಾಂಕ್ಸ್, ಹೋಂಡಾ ಡಬ್ಲ್ಯುಆರ್-ವಿ, ಮಹೀಂದ್ರಾ ಕೆಯುವಿ100 ಇವೆಲ್ಲ ಈ ಗುಂಪಿನವು. ಇವುಗಳಲ್ಲಿ ಎಂಜಿನ್ ಮುಂದಿನ ಎರಡು ಚಕ್ರಗಳನ್ನು ಮಾತ್ರ ತಿರುಗಿಸುತ್ತದೆ. ಜೀಪಿಗೆ ಇರುವಂಥ ಪ್ರತ್ಯೇಕ ಚಾಸಿಸ್ ಚೌಕಟ್ಟು ಇರುವುದಿಲ್ಲ. ನೆಲದಿಂದ ಎತ್ತರ ಇಗ್ನಿಸ್‌ನಲ್ಲಿ 180 ಮಿಲಿಮೀಟರ್, ಪಂಚ್‌ನಲ್ಲಿ 187, ಮ್ಯಾಗ್ನೈಟ್‌ನಲ್ಲಿ 205. ಹಂಪ್ ದಾಟಲು, ಕೆಟ್ಟ ರಸ್ತೆಯಲ್ಲಿ ಹೋಗಲು ಇದು ಅನುಕೂಲ. ಮಳೆಗಾಲದ ಎರಿ ಮಣ್ಣಿನ ಹೊಲದ ದಾರಿಯಲ್ಲಿ ಇವು ಕೂಡ ಸಾಮಾನ್ಯ ಕಾರಿನಂತೆಯೇ ಹೂತುಕೊಳ್ಳುತ್ತವೆ. ಹಿಂದಿನ ಮಾಲೀಕರು ಇದನ್ನು ಜೀಪೆಂದು ತಿಳಿದು ಓಡಿಸಿದ್ದರೆ ಅದರ ಗುರುತು ಕಾರಿನ ಹೊಟ್ಟೆಯ ಕೆಳಗೆ ಇರುತ್ತದೆ. ಅದನ್ನು ಮುಂದೆ ನೋಡೋಣ.

ಮಾದರಿ ಯಾವ ವರ್ಷ ಬಿಡುಗಡೆಯಾಯಿತು ಎಂಬುದು ಗೊತ್ತಿದ್ದರೆ ಕೆಲವು ಜಾಹೀರಾತುಗಳ ಸುಳ್ಳು ಅಲ್ಲೇ ಸಿಕ್ಕಿಬೀಳುತ್ತದೆ. ಪಂಚ್ ಬಂದದ್ದು 2021ರ ಅಕ್ಟೋಬರ್‌ನಲ್ಲಿ, ಮ್ಯಾಗ್ನೈಟ್ 2020ರ ಡಿಸೆಂಬರ್‌ನಲ್ಲಿ, ಹ್ಯುಂಡೈ ವೆನ್ಯೂ 2019ರ ಮೇನಲ್ಲಿ, ಎಕ್ಸ್‌ಟರ್ 2023ರ ಜುಲೈನಲ್ಲಿ. ಮಾರುತಿ ವಿಟಾರಾ ಬ್ರೆಝಾ 2016ರಲ್ಲಿ ಬಂದರೂ ಪೆಟ್ರೋಲ್ ಎಂಜಿನ್ ಸಿಕ್ಕಿದ್ದು 2020ರ ಫೆಬ್ರವರಿಯಲ್ಲಿ. ಹಾಗಾಗಿ ‘2018ರ ಬ್ರೆಝಾ ಪೆಟ್ರೋಲ್’ ಎಂದು ಯಾರಾದರೂ ಬರೆದಿದ್ದರೆ ಒಂದೋ ವರ್ಷ ತಪ್ಪು, ಇಲ್ಲವೇ ಇಂಧನ ತಪ್ಪು.

‘ನಾನು ಎಂಟು ಲಕ್ಷ ಕೊಟ್ಟಿದ್ದೆ’ ಎಂಬುದು ಬೆಲೆಯಲ್ಲ

ಮಾರುವವರು ಯಾವಾಗಲೂ ತಾವು ಕೊಟ್ಟ ಬೆಲೆಯಿಂದ ಲೆಕ್ಕ ಶುರು ಮಾಡುತ್ತಾರೆ. ಕೊಳ್ಳುವವರು ಶುರು ಮಾಡಬೇಕಾದದ್ದು ಅದೇ ಕಾರು ಇಂದು ಹೊಸದಾಗಿ ಎಷ್ಟಕ್ಕೆ ಸಿಗುತ್ತದೆ ಎಂಬಲ್ಲಿಂದ. ಈ ಎರಡರ ನಡುವಿನ ಅಂತರ 2025ರ ಸೆಪ್ಟೆಂಬರ್ 22ರ ನಂತರ ದೊಡ್ಡದಾಗಿದೆ. ಆ ದಿನದಿಂದ ಸಣ್ಣ ಕಾರುಗಳ ಜಿಎಸ್‌ಟಿ 28%ನಿಂದ 18%ಗೆ ಇಳಿಯಿತು, ಮೇಲಿನ ಸೆಸ್ ಹೋಯಿತು. ಪೆಟ್ರೋಲ್‌ನಲ್ಲಿ ಸಣ್ಣ ಕಾರು ಎಂದರೆ ಉದ್ದ 4 ಮೀಟರ್ ಮತ್ತು ಎಂಜಿನ್ 1200 ಸಿಸಿ ಮೀರದ್ದು.

ಒಂದು ಲೆಕ್ಕ ಮಾಡೋಣ. ಮೊದಲು ಜಿಎಸ್‌ಟಿ 28%, ಸೆಸ್ 1%, ಒಟ್ಟು 29%. ಶೋರೂಂ ಬೆಲೆ 8,00,000 ಇದ್ದ ಕಾರಿನ ತೆರಿಗೆ ರಹಿತ ಬೆಲೆ ಸುಮಾರು 6,20,000. ಅದಕ್ಕೆ 18% ಸೇರಿಸಿದರೆ ಸುಮಾರು 7,32,000. ಅಂದರೆ ಕಂಪನಿ ತೆರಿಗೆ ಇಳಿಕೆಯನ್ನು ಪೂರ್ತಿ ಗ್ರಾಹಕರಿಗೆ ಕೊಟ್ಟರೆ ಹೊಸ ಕಾರೇ 68 ಸಾವಿರ ಅಗ್ಗ. ಒಂದು ವರ್ಷ ಓಡಿದ ಕಾರಿಗೆ ಏಳೂವರೆ ಲಕ್ಷ ಕೇಳುವವರಿಗೆ ಈ ಲೆಕ್ಕ ತೋರಿಸಬಹುದು. ಆದರೆ ಬ್ರೆಝಾ ಪೆಟ್ರೋಲ್‌ಗೆ ಇದೇ ಲೆಕ್ಕ ಹಾಕಬೇಡಿ. ಅದರ ಎಂಜಿನ್ 1462 ಸಿಸಿ. ಉದ್ದ 4 ಮೀಟರ್ ಒಳಗಿದ್ದರೂ ತೆರಿಗೆಯ ಕಣ್ಣಲ್ಲಿ ಅದು ಸಣ್ಣ ಕಾರಲ್ಲ. 45% ಇದ್ದದ್ದು 40% ಆಗಿದೆ, ಅಷ್ಟೆ.

ಇನ್ನೊಂದು ಗೊಂದಲ ಇನ್ಶೂರೆನ್ಸ್ ಪತ್ರದಲ್ಲಿರುವ ಐಡಿವಿ. ಹೊಸ ಕಾರಿನ ಬೆಲೆಯಿಂದ ವಯಸ್ಸಿಗೆ ತಕ್ಕಂತೆ ಕಳೆಯುತ್ತಾ ಹೋಗುವ ಅಂಕಿ ಅದು: ಒಂದರಿಂದ ಎರಡು ವರ್ಷಕ್ಕೆ 20%, ಎರಡರಿಂದ ಮೂರಕ್ಕೆ 30%, ಮೂರರಿಂದ ನಾಲ್ಕಕ್ಕೆ 40%, ನಾಲ್ಕರಿಂದ ಐದಕ್ಕೆ 50%. ಕಾರು ಕಳುವಾದರೆ ವಿಮಾ ಕಂಪನಿ ಎಷ್ಟು ಕೊಡಬೇಕು ಎಂದು ಮೊದಲೇ ಒಪ್ಪಿಕೊಂಡ ಮೊತ್ತವಿದು. ಚೆನ್ನಾಗಿ ನೋಡಿಕೊಂಡ ಕಾರಿಗೂ ಹೊಡೆಸಿಕೊಂಡು ಬಣ್ಣ ಬಳಿದ ಕಾರಿಗೂ ಕೋಷ್ಟಕ ಒಂದೇ. ಹಾಗಾಗಿ ಚೌಕಾಶಿಗೆ ಒಂದು ಗುರುತು ಎಂದು ಇಟ್ಟುಕೊಳ್ಳಿ, ಮಾರುಕಟ್ಟೆ ಬೆಲೆ ಎಂದು ಅಲ್ಲ.

‘ಹಳೆ ಕಾರು ಮಾರಿದರೆ 18% ಜಿಎಸ್‌ಟಿ’ ಎಂಬ ಫಾರ್ವರ್ಡ್ ಹುಟ್ಟಿದ್ದು 2024ರ ಡಿಸೆಂಬರ್ 21ರ ಜಿಎಸ್‌ಟಿ ಮಂಡಳಿ ಸಭೆಯ ನಂತರ. 12 ಲಕ್ಷಕ್ಕೆ ಕೊಂಡು 9 ಲಕ್ಷಕ್ಕೆ ಮಾರಿದರೆ ನಷ್ಟವಾದ 3 ಲಕ್ಷಕ್ಕೂ ತೆರಿಗೆ ಎಂದು ಜನ ಹಂಚಿಕೊಂಡರು. ಇದು ಸುಳ್ಳು. ಆ ತೆರಿಗೆ ಜಿಎಸ್‌ಟಿ ನೋಂದಣಿ ಇರುವ ವ್ಯಾಪಾರಿಗಳಿಗೆ, ಅದೂ ಅವರ ಲಾಭದ ಅಂಶಕ್ಕೆ ಮಾತ್ರ. ಲಾಭವಿಲ್ಲದಿದ್ದರೆ ತೆರಿಗೆಯೂ ಇಲ್ಲ. ನಿಮ್ಮ ಸ್ವಂತ ಬಳಕೆಯ ಕಾರನ್ನು ನೆರೆಯವರಿಗೆ ಮಾರಿದರೆ ಜಿಎಸ್‌ಟಿ ಪ್ರಶ್ನೆಯೇ ಬರುವುದಿಲ್ಲ. ವ್ಯಾಪಾರಿ ‘ಒಟ್ಟು ಬೆಲೆಯ ಮೇಲೆ 18%’ ಎಂದು ಬೇರೆಯಾಗಿ ಕೇಳಿದರೆ ಬಿಲ್ ಕೇಳಿ. ಬಹುಶಃ ಆಗ ಆ ಮಾತು ಅಲ್ಲಿಗೇ ನಿಲ್ಲುತ್ತದೆ.

ಎಂಎಚ್ ನಂಬರಿನ ಕಾರು ಯಾಕೆ ಅಗ್ಗ?

ಅಗ್ಗ ಎಂಬುದು ನಿಜ. ಒಂದು ಕಾರಣ ರಸ್ತೆ ತೆರಿಗೆ. ಕರ್ನಾಟಕದಲ್ಲಿ 5ರಿಂದ 10 ಲಕ್ಷದ ಕಾರಿಗೆ ಜೀವಾವಧಿ ತೆರಿಗೆ 14%, ಆ ತೆರಿಗೆಯ ಮೇಲೆ ಮತ್ತೆ 11% ಸೆಸ್. 8 ಲಕ್ಷದ ಕಾರಿಗೆ 1,24,320 ರೂಪಾಯಿ. ಮಹಾರಾಷ್ಟ್ರದಲ್ಲಿ 10 ಲಕ್ಷದೊಳಗಿನ ಪೆಟ್ರೋಲ್ ಕಾರಿಗೆ 11%, ಅಂದರೆ 88,000. ಸಣ್ಣಪುಟ್ಟ ಶುಲ್ಕ ಬಿಟ್ಟರೂ ಅಲ್ಲಿನ ಮಾಲೀಕರು 36 ಸಾವಿರ ಕಡಿಮೆ ಕಟ್ಟಿರುತ್ತಾರೆ, ಅಷ್ಟು ಕಡಿಮೆಗೆ ಮಾರಲೂಬಹುದು. ಜೊತೆಗೆ ಪುಣೆಯಂಥ ಊರಲ್ಲಿ ಮಾರಾಟಕ್ಕೆ ಬರುವ ಕಾರುಗಳ ಸಂಖ್ಯೆಯೂ ದೊಡ್ಡದು.

ಆದರೆ ಫಾರ್ವರ್ಡ್ ಹೇಳದ ವಿಷಯ ಮುಂದಿದೆ. ಮೋಟಾರು ವಾಹನ ಕಾಯ್ದೆಯ 47ನೇ ಕಲಂ ಪ್ರಕಾರ ಬೇರೆ ರಾಜ್ಯದ ವಾಹನ 12 ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿ ಉಳಿದರೆ ಇಲ್ಲಿಯ ನಂಬರ್ ಪಡೆಯಬೇಕು. ಅದಕ್ಕೆ ಮೂಲ ಆರ್‌ಟಿಒದಿಂದ ಎನ್‌ಒಸಿ, ಅಂದರೆ ಫಾರ್ಮ್ 28 ಬೇಕು. ಸಾಲವಿದ್ದರೆ ಬ್ಯಾಂಕಿನ ಒಪ್ಪಿಗೆ ಬೇಕು. ಬಾಕಿ ದಂಡ ತೀರಿರಬೇಕು. ನಂತರ ಕರ್ನಾಟಕದ ಜೀವಾವಧಿ ತೆರಿಗೆ ಕಟ್ಟಬೇಕು. ಕಾರಿನ ವಯಸ್ಸು ಹೆಚ್ಚಿದಷ್ಟೂ ತೆರಿಗೆಯ ಪಾಲು ಇಳಿಯುತ್ತದೆ, ಆದರೆ ಎರಡು ಮೂರು ವರ್ಷದ ಕಾರಿಗೆ ಅದು ಸಣ್ಣ ಮೊತ್ತವಲ್ಲ. ಮಹಾರಾಷ್ಟ್ರದಲ್ಲಿ ಕಟ್ಟಿದ ತೆರಿಗೆಯ ಉಳಿದ ಭಾಗವನ್ನು ವಾಪಸ್ ಕೇಳಬಹುದು, ಅದಕ್ಕೆ ಅಲ್ಲಿಯೇ ಅರ್ಜಿ ಹಾಕಿ ಓಡಾಡಬೇಕು. ಚೌಕಾಶಿ ಮಾಡುವಾಗ ಅದನ್ನು ಕೈಗೆ ಬಂದ ಹಣವೆಂದು ಎಣಿಸಬೇಡಿ. ನಮ್ಮ ಅಭಿಪ್ರಾಯದಲ್ಲಿ ಎನ್‌ಒಸಿ ಕೈಗೆ ಬರುವವರೆಗೆ ಎಂಎಚ್ ಕಾರಿಗೆ ಪೂರ್ತಿ ಹಣ ಕೊಡಲೇಬಾರದು. ಏಜೆಂಟರು ‘ಒಂದು ವಾರದಾಗ ಬರ್ತದ್ರಿ’ ಎನ್ನುವ ಎನ್‌ಒಸಿಗೆ ಆರು ತಿಂಗಳು ಕಾದವರು ಎಲ್ಲ ಊರಲ್ಲೂ ಇದ್ದಾರೆ.

ಕಿಲೋಮೀಟರ್ ಅಂಕಿಯನ್ನು ನಂಬಬಹುದೇ?

ಡಿಜಿಟಲ್ ಮೀಟರ್ ಬಂದ ಮೇಲೆ ತಿದ್ದಲು ಆಗುವುದಿಲ್ಲ ಎಂದು ಬಹಳ ಜನ ನಂಬಿದ್ದಾರೆ. ನಿಜಸ್ಥಿತಿ ತಿರುಗಾಮುರುಗಾ. ಹಳೆಯ ಮೀಟರಿನ ಚಕ್ರ ತಿರುಗಿಸಲು ಅದನ್ನು ಬಿಚ್ಚಬೇಕಿತ್ತು. ಈಗ ಒಂದು ಉಪಕರಣ ಚುಚ್ಚಿ ಮೆಮೊರಿಯ ಅಂಕಿ ಬದಲಿಸಬಹುದು, ಗೀರು ಕೂಡ ಉಳಿಯುವುದಿಲ್ಲ.

ಬ್ರಿಟನ್‌ನಲ್ಲಿ ಮೂರು ವರ್ಷ ದಾಟಿದ ಕಾರಿಗೆ ಪ್ರತಿ ವರ್ಷ ಎಂಒಟಿ ಪರೀಕ್ಷೆ ಕಡ್ಡಾಯ. ಅಲ್ಲಿ ದಾಖಲಾದ ಮೈಲುಗಳನ್ನು ಯಾರು ಬೇಕಾದರೂ ನಂಬರ್ ಹಾಕಿ ಇಂಟರ್ನೆಟ್‌ನಲ್ಲಿ ನೋಡಬಹುದು. ಜರ್ಮನಿಯಲ್ಲಿ ಟಿಯುವಿ ಸಂಸ್ಥೆಗಳು ಲಕ್ಷಾಂತರ ಕಾರುಗಳ ತಪಾಸಣೆ ಆಧರಿಸಿ ಯಾವ ಮಾದರಿಯಲ್ಲಿ ಎಷ್ಟು ದೋಷ ಎಂದು ವರ್ಷವರ್ಷ ವರದಿ ಹೊರಡಿಸುತ್ತವೆ. ನಮ್ಮಲ್ಲಿ ಖಾಸಗಿ ಕಾರಿಗೆ ಮೊದಲ 15 ವರ್ಷ ಅಂಥ ತಪಾಸಣೆಯೇ ಇಲ್ಲ. ಹಾಗಾಗಿ ‘ಈ ಕಂಪನಿ ಗಾಡಿ ಕೆಡೋದೇ ಇಲ್ಲ’, ‘ಆ ಕಂಪನಿದು ತಗೋಲೇಬೇಡಿ’ ಎಂಬ ಮಾತುಗಳ ಹಿಂದೆ ಹೆಚ್ಚಾಗಿ ಇರುವುದು ಹೇಳುವವರ ಮಾವನ ಕಾರು ಒಂದೇ. ಒಂದು ಕಾರು ಎರಡು ಲಕ್ಷ ಕಿಲೋಮೀಟರ್ ಓಡಿತು ಎಂಬುದರಿಂದ ಅದೇ ಮಾದರಿಯ ಇನ್ನೊಂದು ಕಾರಿನ ಬಗ್ಗೆ ತಿಳಿಯುವುದು ಕಡಿಮೆ.

ಈ ಸಮಸ್ಯೆಗೆ ಅರ್ಥಶಾಸ್ತ್ರದಲ್ಲಿ ಹೆಸರೇ ಇದೆ. 1970ರಲ್ಲಿ ಜಾರ್ಜ್ ಅಕರ್ಲಾಫ್ ಹಳೆಯ ಕಾರುಗಳ ಮಾರುಕಟ್ಟೆಯನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಒಂದು ಪ್ರಬಂಧ ಬರೆದರು. ಕಾರು ಒಳ್ಳೆಯದೋ ಕೆಟ್ಟದ್ದೋ ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಆದ್ದರಿಂದ ಕೊಳ್ಳುವವನು ನಡುವಿನ ಬೆಲೆ ಮಾತ್ರ ಕೊಡಲು ಒಪ್ಪುತ್ತಾನೆ. ಒಳ್ಳೆಯ ಕಾರಿನ ಮಾಲೀಕನಿಗೆ ಆ ಬೆಲೆ ಸಾಲದು, ಅವನು ಮಾರದೆ ಸುಮ್ಮನಾಗುತ್ತಾನೆ. ಮಾರುಕಟ್ಟೆಯಲ್ಲಿ ಕೆಟ್ಟ ಕಾರುಗಳೇ ಹೆಚ್ಚಾಗುತ್ತವೆ. ಅಮೆರಿಕದಲ್ಲಿ ಕೆಟ್ಟ ಕಾರನ್ನು ‘ಲೆಮನ್’ ಎನ್ನುತ್ತಾರೆ. ಈ ವಿಚಾರಕ್ಕೆ 2001ರಲ್ಲಿ ಅವರಿಗೆ ನೊಬೆಲ್ ಪಾಲು ಸಿಕ್ಕಿತು. ಬಂಧುಗಳ, ಸಹೋದ್ಯೋಗಿಗಳ ಕಾರು ಬಜಾರಿಗೆ ಬರುವ ಮೊದಲೇ ಒಳಗೊಳಗೆ ಕೈಬದಲಾಗುವುದು ಯಾಕೆ ಎಂಬುದಕ್ಕೆ ಇದೇ ಉತ್ತರ: ಅಲ್ಲಿ ಕಾರಿನ ಚರಿತ್ರೆ ಇಬ್ಬರಿಗೂ ಗೊತ್ತು.

ಚರಿತ್ರೆ ಗೊತ್ತಿಲ್ಲದ ಕಾರಿನಲ್ಲಿ ಅದನ್ನು ನಾವೇ ಹುಡುಕಬೇಕು. ಕಂಪನಿಯ ಅಧಿಕೃತ ಸರ್ವಿಸ್ ಕೇಂದ್ರದಲ್ಲಿ ಪ್ರತಿ ಸರ್ವಿಸ್‌ನ ದಿನಾಂಕ ಮತ್ತು ಕಿಲೋಮೀಟರ್ ಇರುತ್ತದೆ. ಮಾಲೀಕರನ್ನು ಜೊತೆಗೆ ಕರೆದುಕೊಂಡು ಹೋದರೆ ತೋರಿಸುತ್ತಾರೆ. ಕರೆದರೂ ಬರದ ಮಾಲೀಕರ ಬಗ್ಗೆ ಯೋಚಿಸಿ. ಮೀಟರ್ 30 ಸಾವಿರ ತೋರಿಸುತ್ತಾ ಬ್ರೇಕ್ ಪೆಡಲ್‌ನ ರಬ್ಬರ್ ಸವೆದು ನುಣುಪಾಗಿದ್ದರೆ, ಸ್ಟೀರಿಂಗ್ ಎಣ್ಣೆ ಹಚ್ಚಿದಂತೆ ಹೊಳೆಯುತ್ತಿದ್ದರೆ, ಡ್ರೈವರ್ ಸೀಟಿನ ಬಾಗಿಲ ಕಡೆಯ ಅಂಚು ಕುಸಿದಿದ್ದರೆ ಅಂಕಿ ಸುಳ್ಳು ಹೇಳುತ್ತಿದೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. ‘3221’ ಎಂದರೆ 2021ರ 32ನೇ ವಾರ ತಯಾರಾದದ್ದು. 2020ರ ಕಾರು, 25 ಸಾವಿರ ಓಡಿದೆ ಎನ್ನುತ್ತಾರೆ, ಆದರೆ ನಾಲ್ಕೂ ಟೈರ್ 2023ರದ್ದು. ಹಳೆಯ ಟೈರ್ ಅಷ್ಟು ಬೇಗ ಯಾಕೆ ಹೋದವು ಎಂದು ಕೇಳಲೇಬೇಕು.

ಇನ್ನು ‘ಡಾಕ್ಟರ್ ಗಾಡಿ ರೀ, ಮನಿಯಿಂದ ದವಾಖಾನಿ, ದವಾಖಾನಿಯಿಂದ ಮನಿ’ ಎಂಬ ಮಾತು. ಸೊಲ್ಲಾಪುರ ರಸ್ತೆಯಲ್ಲಿ ದೊಡ್ಡ ಮೆಡಿಕಲ್ ಕಾಲೇಜೇ ಇರುವುದರಿಂದ ನಂಬುವವರು ಇಲ್ಲಿ ಹೆಚ್ಚೋ ಏನೋ. ಆ ಮಾತು ನಿಜವೇ ಆಗಿದ್ದರೂ ಅದು ಒಳ್ಳೆಯ ಸುದ್ದಿಯೇ ಆಗಬೇಕಿಲ್ಲ. ದಿನಾ ಎರಡು ಮೂರು ಕಿಲೋಮೀಟರ್ ಓಡಿ ನಿಲ್ಲುವ ಪೆಟ್ರೋಲ್ ಎಂಜಿನ್ ಸರಿಯಾಗಿ ಬಿಸಿಯಾಗುವುದೇ ಇಲ್ಲ. ಒಳಗೆ ಹನಿಗಟ್ಟಿದ ನೀರು ಆವಿಯಾಗದೆ ಆಯಿಲ್‌ಗೆ ಸೇರುತ್ತದೆ, ಬ್ಯಾಟರಿ ಪೂರ್ತಿ ಚಾರ್ಜ್ ಆಗುವುದಿಲ್ಲ. ಹೆದ್ದಾರಿಯಲ್ಲಿ 70 ಸಾವಿರ ಓಡಿ ಹೊತ್ತಿಗೆ ಸರಿಯಾಗಿ ಆಯಿಲ್ ಬದಲಿಸಿದ ಕಾರು ಎಷ್ಟೋ ಸಲ ಇದಕ್ಕಿಂತ ಮೇಲು.

ನೀರಲ್ಲಿ ಮುಳುಗಿದ ಕಾರು

ಗಡಿ ಭಾಗದಲ್ಲಿ ಈ ಭಯ ಸುಮ್ಮನೆ ಹುಟ್ಟಿದ್ದಲ್ಲ. 2019ರ ಆಗಸ್ಟ್‌ನಲ್ಲಿ ಕೃಷ್ಣಾ ಪ್ರವಾಹ ಸಾಂಗ್ಲಿ, ಕೊಲ್ಹಾಪುರವನ್ನು ಮುಳುಗಿಸಿತು. 2021ರ ಜುಲೈನಲ್ಲಿ ಮತ್ತೆ. 2020ರ ಅಕ್ಟೋಬರ್‌ನಲ್ಲಿ ಭೀಮಾ ಉಕ್ಕಿತು, 2025ರ ಸೆಪ್ಟೆಂಬರ್‌ನಲ್ಲಿ ಸೀನಾ ಮತ್ತು ಭೀಮಾ ಎರಡೂ. ನೀರು ನುಗ್ಗಿದ ಕಾರುಗಳಲ್ಲಿ ಒಂದಷ್ಟು ತೊಳೆದು, ಒಣಗಿಸಿ, ಸುಗಂಧ ಹೊಡೆದು ಬೇರೆ ಊರಿನ ಬಜಾರಿಗೆ ಬರುತ್ತವೆ. ಎಂಜಿನ್ ರಿಪೇರಿಯಾದರೂ ವೈರಿಂಗ್, ಏರ್‌ಬ್ಯಾಗ್‌ನ ಕಂಪ್ಯೂಟರ್, ಎಬಿಎಸ್ ಘಟಕ ಎಲ್ಲವೂ ತಿಂಗಳುಗಟ್ಟಲೆ ನಿಧಾನವಾಗಿ ತುಕ್ಕು ಹಿಡಿಯುತ್ತಾ ಹೋಗುತ್ತವೆ.

ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡಿ. ತೊಳೆಯುವವರು ಅಷ್ಟು ಒಳಗೆ ತೊಳೆಯುವುದಿಲ್ಲ, ಕೆಸರಿನ ಗೆರೆ ಅಲ್ಲಿ ಉಳಿದಿರುತ್ತದೆ. ಸ್ಟೆಪ್ನಿ ಎತ್ತಿ ಅದರ ಗುಂಡಿ ನೋಡಿ. ಮುಂದಿನ ಮ್ಯಾಟ್ ಅಷ್ಟೇ ಅಲ್ಲ, ಅದರ ಕೆಳಗಿನ ಕಾರ್ಪೆಟ್ಟನ್ನೂ ಎತ್ತಿ ಮೂಸಿ ನೋಡಿ. ಸೀಟಿನ ಕೆಳಗಿನ ಬೋಲ್ಟ್ ತುಕ್ಕು ಹಿಡಿದಿದ್ದರೆ ಅದು ಮಳೆಯಲ್ಲಿ ನಿಂತದ್ದರಿಂದ ಆದದ್ದಲ್ಲ. ಎಸಿ ಹಾಕಿದ ಕೂಡಲೇ ಬರುವ ಮುಗ್ಗಲು ವಾಸನೆಗೆ ಬೇರೆ ಕಾರಣಗಳೂ ಇರುತ್ತವೆ, ಅದೊಂದನ್ನೇ ಹಿಡಿದು ತೀರ್ಮಾನಿಸಬೇಡಿ.

ಬೆಳಿಗ್ಗೆ ಹೋಗಿ, ಎಂಜಿನ್ ತಣ್ಣಗಿರುವಾಗ

ಕಾರು ನೋಡಲು ಹೋದ ತಕ್ಷಣ ಬಾನೆಟ್ ಮೇಲೆ ಕೈಯಿಡಿ. ಬಿಸಿಯಾಗಿದ್ದರೆ ನೀವು ಬರುವ ಮೊದಲೇ ಯಾರೋ ಸ್ಟಾರ್ಟ್ ಮಾಡಿದ್ದಾರೆ. ತಣ್ಣನೆಯ ಎಂಜಿನ್ ಸ್ಟಾರ್ಟ್ ಆಗುವ ಮೊದಲ ಅರ್ಧ ನಿಮಿಷದಲ್ಲಿ ತಿಳಿಯುವುದು ಆಮೇಲೆ ಒಂದು ತಾಸು ಓಡಿಸಿದರೂ ತಿಳಿಯುವುದಿಲ್ಲ. ಚಳಿಗಾಲದ ಬೆಳಿಗ್ಗೆ ಬಿಳಿ ಹೊಗೆ ಬಂದು ಮಾಯವಾದರೆ ಅದು ನೀರಾವಿ, ಹೆದರಬೇಡಿ. ಬಿಡದೆ ಬಿಳಿ ಹೊಗೆ ಬಂದರೆ ಕೂಲಂಟ್ ಒಳಗೆ ಸೋರುತ್ತಿರಬಹುದು. ನೀಲಿ ಹೊಗೆ ಎಂದರೆ ಆಯಿಲ್ ಸುಡುತ್ತಿದೆ.

ಎಂಜಿನ್ ಅದುರುವುದೆಲ್ಲ ದೋಷವಲ್ಲ. ಪಂಚ್, ಮ್ಯಾಗ್ನೈಟ್‌ಗಳಲ್ಲಿ ಇರುವುದು ಮೂರು ಸಿಲಿಂಡರ್. ನಾಲ್ಕು ಸಿಲಿಂಡರ್ ಎಂಜಿನ್‌ನಲ್ಲಿ ಅರ್ಧ ಸುತ್ತಿಗೊಮ್ಮೆ, ಅಂದರೆ 180 ಡಿಗ್ರಿಗೆ ಒಮ್ಮೆ ಇಂಧನ ಸಿಡಿಯುತ್ತದೆ. ಮೂರರಲ್ಲಿ 240 ಡಿಗ್ರಿಗೆ ಒಮ್ಮೆ. ನಿಂತಲ್ಲಿ ಸಣ್ಣ ಅದುರು ಅದರ ಹುಟ್ಟುಗುಣ. ಎಕ್ಸ್‌ಟರ್, ಡಬ್ಲ್ಯುಆರ್-ವಿಗಳಂಥ ನಾಲ್ಕು ಸಿಲಿಂಡರ್ ಪೆಟ್ರೋಲ್ ಅದೇ ರೀತಿ ಅದುರಿದರೆ ಕೇಳಬೇಕಾದ ಪ್ರಶ್ನೆ ಇದೆ. ಟರ್ಬೊ ಇರುವ ಸಣ್ಣ ಎಂಜಿನ್‌ಗಳಲ್ಲಿ ಆಯಿಲ್ ಬದಲಿಸಿದ ದಾಖಲೆ ಇನ್ನೂ ಮುಖ್ಯ, ಯಾಕೆಂದರೆ ಟರ್ಬೊದ ಬೇರಿಂಗ್ ತಿರುಗುವುದು ಅದೇ ಆಯಿಲ್‌ನ ಮೇಲೆ. ಫೋರ್ಡ್ ಇಕೋಸ್ಪೋರ್ಟ್‌ನ 1.0 ಇಕೋಬೂಸ್ಟ್‌ನಲ್ಲಿ ಟೈಮಿಂಗ್ ಬೆಲ್ಟ್ ಕೂಡ ಆಯಿಲ್‌ನಲ್ಲೇ ಓಡುತ್ತದೆ. ತಪ್ಪು ಆಯಿಲ್ ಹಾಕಿದ್ದರೆ ಬೆಲ್ಟ್ ಹಾಳು. ಫೋರ್ಡ್ 2021ರ ಸೆಪ್ಟೆಂಬರ್‌ನಲ್ಲಿ ಭಾರತದಲ್ಲಿ ತಯಾರಿಕೆ ನಿಲ್ಲಿಸುವುದಾಗಿ ಘೋಷಿಸಿದ್ದರಿಂದ ಆ ಕಾರು ಅಗ್ಗವಾಗಿ ಸಿಗುತ್ತದೆ. ಓಡಿಸಲು ಚೆಂದದ ಕಾರು, ಅನುಮಾನವಿಲ್ಲ. ಆದರೆ ಕೊಳ್ಳುವ ಮೊದಲು ನಿಮ್ಮ ಊರಿನ ಮೆಕ್ಯಾನಿಕ್ ಅದನ್ನು ಬಿಚ್ಚಿ ಗೊತ್ತಿದೆಯೇ, ಬಿಡಿಭಾಗ ಎಲ್ಲಿಂದ ತರಿಸುತ್ತಾರೆ ಎಂದು ಕೇಳಿಕೊಳ್ಳಿ.

ನಮ್ಮ ಕಡೆಯ ಕಾರುಗಳಿಗೆ ವಿಶೇಷವಾಗಿ ಮೂರು ಶತ್ರುಗಳು: ಧೂಳು, ಬಿಸಿಲು, ಗಡಸು ನೀರು. ಏರ್ ಫಿಲ್ಟರ್ ಡಬ್ಬಿ ತೆರೆಸಿ. ಫಿಲ್ಟರ್ ಕೊಳೆಯಾಗಿರುವುದು ಸಹಜ, ಆದರೆ ಅದರ ಆಚೆಯ ಕೊಳವೆಯಲ್ಲೂ ಧೂಳಿದ್ದರೆ ಅದು ಎಂಜಿನ್ ಒಳಗೆ ಹೋಗಿ ಸಿಲಿಂಡರನ್ನು ಸವೆಸಿದೆ ಎಂದರ್ಥ. ಕೂಲಂಟ್ ಡಬ್ಬಿಯಲ್ಲಿ ಬಣ್ಣದ ದ್ರವದ ಬದಲು ತುಕ್ಕು ಬಣ್ಣದ ನೀರಿದ್ದರೆ ಯಾರೋ ಬೋರ್‌ವೆಲ್ ನೀರು ತುಂಬಿಸಿಕೊಂಡೇ ಓಡಿಸಿದ್ದಾರೆ. ಮನೆಯ ಗೀಸರ್‌ನಲ್ಲಿ ಕಟ್ಟುವ ಸುಣ್ಣದ ಪದರವೇ ರೇಡಿಯೇಟರ್ ಒಳಗೂ ಕಟ್ಟುತ್ತದೆ. ಏಪ್ರಿಲ್ ಮಧ್ಯಾಹ್ನ ಎಸಿ ಹಾಕಿ ಹೆದ್ದಾರಿ ಏರಿದಾಗ ಅದು ಗೊತ್ತಾಗುತ್ತದೆ, ಡಿಸೆಂಬರ್‌ನ ಟೆಸ್ಟ್ ಡ್ರೈವ್‌ನಲ್ಲಿ ಗೊತ್ತಾಗುವುದಿಲ್ಲ.

ಆಮೇಲೆ ಕಾರನ್ನು ಗ್ಯಾರೇಜಿನ ರ‍್ಯಾಂಪ್ ಮೇಲೆ ಹತ್ತಿಸಿ. ಹೊಟ್ಟೆಯ ಕೆಳಗೆ ಕಲ್ಲು ಬಡಿದ ಗುರುತು, ಆಯಿಲ್ ಸಂಪ್‌ನಲ್ಲಿ ತಗ್ಗು, ಮುಂದಿನ ಚಕ್ರಕ್ಕೆ ಹೋಗುವ ಆಕ್ಸಲ್‌ನ ರಬ್ಬರ್ ಟೊಪ್ಪಿಗೆ ಹರಿದು ಗ್ರೀಸ್ ಚಿಮ್ಮಿರುವುದು, ಇವೆಲ್ಲ ಹೊಲದ ದಾರಿಯ ಕಥೆ ಹೇಳುತ್ತವೆ. ರಸ್ತೆಯಲ್ಲಿ ಮೂರನೇ ಗೇರ್‌ನಲ್ಲಿ ನಿಧಾನವಾಗಿ ಹೋಗುತ್ತಾ ಒಮ್ಮೆಲೇ ಆ್ಯಕ್ಸಿಲರೇಟರ್ ಒತ್ತಿ. ಎಂಜಿನ್ ಕೂಗಿದರೂ ವೇಗ ಏರದಿದ್ದರೆ ಕ್ಲಚ್ ಮುಗಿಯುತ್ತಾ ಬಂದಿದೆ. ಇಷ್ಟಕ್ಕೆಲ್ಲ ಒಬ್ಬ ಪರಿಚಿತ ಮೆಕ್ಯಾನಿಕ್‌ಗೆ ಅರ್ಧ ದಿನದ ಕೂಲಿ ಕೊಟ್ಟರೆ ಸಾಕು. ಮಾರುವವರೇ ಕರೆತಂದ ಮೆಕ್ಯಾನಿಕ್ ಬೇಡ.

ಇ20 ಪೆಟ್ರೋಲ್: ಹಳೆ ಕಾರು ಸುಟ್ಟುಹೋಗುತ್ತದೆಯೇ?

2025ರಲ್ಲಿ ಅತಿ ಹೆಚ್ಚು ಹರಿದಾಡಿದ ಕಾರಿನ ಫಾರ್ವರ್ಡ್ ಇದೇ ಇರಬೇಕು. ಇ20 ಎಂದರೆ 20% ಎಥೆನಾಲ್ ಬೆರೆತ ಪೆಟ್ರೋಲ್. ಎಥೆನಾಲ್‌ನ ಒಂದು ಪಾಲು ನಮ್ಮ ಕೃಷ್ಣಾ, ಭೀಮಾ ತೀರದ ಕಬ್ಬಿನಿಂದಲೇ ಬರುತ್ತದೆ. 2023ರ ಏಪ್ರಿಲ್ ನಂತರ ತಯಾರಾದ ಕಾರುಗಳ ಕೊಳವೆ, ರಬ್ಬರ್, ಗ್ಯಾಸ್ಕೆಟ್‌ಗಳು ಇ20 ತಾಳುವಂಥವು. ಅದಕ್ಕೆ ಮುಂಚಿನ ಬಹಳಷ್ಟು ಕಾರುಗಳು ಇ10ಗೆ ತಯಾರಾದವು.

ಮೈಲೇಜ್ ಕಡಿಮೆಯಾಗುತ್ತದೆ ಎಂಬುದು ನಿಜ, ಅದಕ್ಕೆ ಸರಳ ರಸಾಯನಶಾಸ್ತ್ರ ಸಾಕು. ಒಂದು ಲೀಟರ್ ಎಥೆನಾಲ್‌ನಲ್ಲಿ ಪೆಟ್ರೋಲ್‌ಗಿಂತ ಸುಮಾರು ಮೂರನೇ ಒಂದರಷ್ಟು ಕಡಿಮೆ ಶಕ್ತಿಯಿದೆ. ಐದರಲ್ಲಿ ಒಂದು ಪಾಲು ಎಥೆನಾಲ್ ಆದರೆ ಒಟ್ಟು ಶಕ್ತಿ ಶೇಕಡಾ 6–7 ಕಡಿಮೆ. ಇದು ಶುದ್ಧ ಪೆಟ್ರೋಲ್‌ಗೆ ಹೋಲಿಸಿದರೆ. ಈಗಾಗಲೇ ಇ10 ಹಾಕುತ್ತಿದ್ದವರಿಗೆ ವ್ಯತ್ಯಾಸ ಅದರ ಅರ್ಧದಷ್ಟು. ಲೀಟರ್‌ಗೆ 16 ಕಿಲೋಮೀಟರ್ ಕೊಡುತ್ತಿದ್ದ ಕಾರು ಕೆಟ್ಟ ಸಂದರ್ಭದಲ್ಲಿ 15 ಕೊಡಬಹುದು. ತಿಂಗಳಿಗೆ ಸಾವಿರ ಕಿಲೋಮೀಟರ್ ಓಡಿಸಿದರೆ ಸುಮಾರು ನಾಲ್ಕು ಲೀಟರ್ ಹೆಚ್ಚು, ನಾಲ್ಕು ನೂರು ರೂಪಾಯಿ ಚಿಲ್ಲರೆ. ‘ಅರ್ಧಕ್ಕರ್ಧ ಇಳಿಯಿತು’ ಎನ್ನುವವರ ಕಾರಿನಲ್ಲಿ ಬೇರೆ ಏನೋ ತೊಂದರೆ ಇರಬೇಕು.

ಭಾಗಗಳ ವಿಷಯದಲ್ಲಿ ಪೆಟ್ರೋಲಿಯಂ ಸಚಿವಾಲಯವೇ 2025ರ ಆಗಸ್ಟ್‌ನಲ್ಲಿ ಒಂದು ಮಾತು ಒಪ್ಪಿಕೊಂಡಿದೆ: ಕೆಲವು ಹಳೆಯ ವಾಹನಗಳಲ್ಲಿ 20ರಿಂದ 30 ಸಾವಿರ ಕಿಲೋಮೀಟರ್ ಬಳಕೆಯ ನಂತರ ಕೆಲವು ರಬ್ಬರ್ ಭಾಗ, ಗ್ಯಾಸ್ಕೆಟ್ ಬದಲಿಸಬೇಕಾಗಬಹುದು. ಇ20 ಹಾಕಿದರೆ ವಿಮೆ ಅನೂರ್ಜಿತ ಎಂಬ ಮಾತನ್ನು ಅದೇ ಸಚಿವಾಲಯ ತಳ್ಳಿಹಾಕಿದೆ. ಹಾಗಾಗಿ 2019ರ ಕಾರು ಎಂಬ ಒಂದೇ ಕಾರಣಕ್ಕೆ ಬಿಡಬೇಕಿಲ್ಲ. ಮ್ಯಾನ್ಯುವಲ್‌ನಲ್ಲಿ ಅಥವಾ ಪೆಟ್ರೋಲ್ ಮುಚ್ಚಳದ ಒಳಗೆ ಇ10 ಎಂದಿದೆಯೋ ಇ20 ಎಂದಿದೆಯೋ ನೋಡಿ, ಇಂಧನ ಕೊಳವೆಗಳನ್ನು ಮೆಕ್ಯಾನಿಕ್‌ಗೆ ತೋರಿಸಿ, ಅವುಗಳ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ತಿಂಗಳುಗಟ್ಟಲೆ ನಿಂತಿದ್ದ ಕಾರಾದರೆ ಟ್ಯಾಂಕ್‌ನ ಹಳೆ ಪೆಟ್ರೋಲ್ ಖಾಲಿ ಮಾಡಿಸಿ, ಎಥೆನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ.

ಐದು ಸ್ಟಾರ್ ಯಾವ ಕಾರಿನದು?

ನೆಕ್ಸಾನ್‌ಗೆ 2018ರ ಡಿಸೆಂಬರ್‌ನಲ್ಲಿ, ಪಂಚ್‌ಗೆ 2021ರ ಅಕ್ಟೋಬರ್‌ನಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಐದು ಸ್ಟಾರ್ ಕೊಟ್ಟಿತು. ಅದು ಹೊಸ, ಪೆಟ್ಟು ತಿನ್ನದ ಕಾರಿಗೆ ಸಿಕ್ಕ ಅಂಕ. 2022ರಲ್ಲಿ ಪರೀಕ್ಷೆಯ ನಿಯಮ ಬಿಗಿಯಾದ್ದರಿಂದ ಹಳೆಯ ಸ್ಟಾರ್‌ಗೂ ಹೊಸ ಸ್ಟಾರ್‌ಗೂ ಹೋಲಿಕೆಯೇ ಸಲ್ಲದು. ಮುಂಭಾಗ ಜಜ್ಜಿ ತಟ್ಟಿ ನೆಟ್ಟಗೆ ಮಾಡಿದ, ಒಡೆದ ಏರ್‌ಬ್ಯಾಗ್ ಜಾಗಕ್ಕೆ ಬರೀ ಮುಚ್ಚಳ ಹಾಕಿದ ಕಾರಿಗೆ ಯಾವ ಸ್ಟಾರೂ ಇಲ್ಲ. ಕೀ ತಿರುಗಿಸಿದಾಗ ಏರ್‌ಬ್ಯಾಗ್ ದೀಪ ಹತ್ತಿ ಕೆಲ ಸೆಕೆಂಡಿಗೆ ಆರಬೇಕು. ಹತ್ತದೇ ಇದ್ದರೆ ಅದನ್ನು ಯಾರೋ ಬೇಕೆಂದೇ ತೆಗೆದಿದ್ದಾರೆ.

ಎರಡು ದಿನಾಂಕ ನೆನಪಿಡಿ. 2019ರ ಜುಲೈ 1ರಿಂದ ಡ್ರೈವರ್ ಏರ್‌ಬ್ಯಾಗ್ ಎಲ್ಲ ಕಾರಿಗೂ ಕಡ್ಡಾಯ. ಪಕ್ಕದ ಸೀಟಿನ ಏರ್‌ಬ್ಯಾಗ್ ಹಳೆಯ ಮಾದರಿಗಳಿಗೂ ಕಡ್ಡಾಯವಾದದ್ದು 2021ರ ಕೊನೆಗೆ. ಇಪ್ಪತ್ತು ಸಾವಿರ ಉಳಿಸಲು 2018ರ ಬೇಸ್ ಮಾದರಿ ಆರಿಸುವ ಬದಲು ಈ ದಿನಾಂಕಗಳ ನಂತರದ ಕಾರು ಹುಡುಕುವುದೇ ಮೇಲು ಎಂದು ನಮಗೆ ಅನಿಸುತ್ತದೆ.

ಹೆಸರು ಬದಲಾಗದಿದ್ದರೆ

ಎಲ್ಲಕ್ಕಿಂತ ದೊಡ್ಡ ನಷ್ಟ ಎಂಜಿನ್‌ನಿಂದ ಬರುವುದಿಲ್ಲ, ಕಾಗದದಿಂದ ಬರುತ್ತದೆ. ಸಹಿ ಹಾಕಿದ ಖಾಲಿ ಫಾರ್ಮ್ 29, 30 ಜೊತೆಗೆ ಕಾರು ಮೂರು ನಾಲ್ಕು ಕೈ ದಾಟುವುದು ಇಲ್ಲಿ ಸಾಮಾನ್ಯ. ಸುಪ್ರೀಂ ಕೋರ್ಟ್ 2018ರ ಫೆಬ್ರವರಿ 6ರಂದು ಇಂಥದ್ದೇ ಒಂದು ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಮಾಲೀಕ 2007ರಲ್ಲಿ ಕಾರು ಮಾರಿದ್ದ. ಅದು ಕೈಯಿಂದ ಕೈಗೆ ಹೋಯಿತು, ಆರ್‌ಸಿಯಲ್ಲಿ ಹೆಸರು ಮಾತ್ರ ಬದಲಾಗಲಿಲ್ಲ. 2009ರಲ್ಲಿ ಆ ಕಾರಿನಡಿ ಸಿಕ್ಕಿ ಒಂದು ಮಗು ಸತ್ತಿತು. ಪರಿಹಾರ ಕೊಡಬೇಕಾದವನು ಆರ್‌ಸಿಯಲ್ಲಿ ಹೆಸರಿರುವ ಮೊದಲ ಮಾಲೀಕನೇ ಎಂದು ನ್ಯಾಯಾಲಯ ಹೇಳಿತು. ಮಗುವನ್ನು ಕಳೆದುಕೊಂಡವರು ಪರಿಹಾರಕ್ಕಾಗಿ ಒಬ್ಬೊಬ್ಬ ಖರೀದಿದಾರನ ಹಿಂದೆ ಅಲೆಯುವಂತೆ ಆಗಬಾರದು ಎಂಬುದು ಅದರ ಹಿಂದಿನ ತರ್ಕ. ಮಾರುವವರು ಇದನ್ನು ಎರಡು ಸಲ ಓದಬೇಕು.

ಕೊಳ್ಳುವವರಿಗೆ ಇನ್ನೊಂದು ಕುಣಿಕೆ ಇದೆ. ಕಾರಿನ ಜೊತೆ ಥರ್ಡ್ ಪಾರ್ಟಿ ವಿಮೆ ತಾನಾಗಿಯೇ ನಿಮಗೆ ಬರುತ್ತದೆ. ಆದರೆ ನಿಮ್ಮ ಕಾರಿಗೇ ಆದ ಹಾನಿಗೆ, ಕಳವಿಗೆ ಪರಿಹಾರ ಬೇಕಾದರೆ ಪಾಲಿಸಿ ನಿಮ್ಮ ಹೆಸರಿಗೆ ಆಗಿರಬೇಕು. ಅದಕ್ಕೆ 14 ದಿನದೊಳಗೆ ವಿಮಾ ಕಂಪನಿಗೆ ಅರ್ಜಿ ಕೊಡಬೇಕು. ನೋ ಕ್ಲೇಮ್ ಬೋನಸ್ ಹಳೆಯ ಮಾಲೀಕರದು, ಕಾರಿನದಲ್ಲ, ಅದು ನಿಮಗೆ ಸಿಗುವುದಿಲ್ಲ. ‘ಇನ್ಶೂರೆನ್ಸ್ ಚಾಲ್ತಿ’ ಎಂದರೆ ಎಷ್ಟೋ ಸಲ ಥರ್ಡ್ ಪಾರ್ಟಿ ಮಾತ್ರ, ಪತ್ರ ಬಿಚ್ಚಿ ಓದಿ.

ಮುಂಗಡ ಕೊಡುವ ಮೊದಲು ಎಂಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿ ನೋಡಿ: ನೋಂದಣಿ ದಿನಾಂಕ, ಸಾಲದ ನಮೂದು, ವಿಮೆ ಮುಗಿಯುವ ದಿನ ಸಿಗುತ್ತವೆ. ಕಾರಿನ ಮೇಲೆ ಕೆತ್ತಿರುವ ಚಾಸಿಸ್ ನಂಬರ್ ಆರ್‌ಸಿಗೆ ಹೊಂದುತ್ತದೆಯೇ ನೋಡಿ. ಸಾಲ ತೀರಿದೆ ಎಂದರೆ ಬ್ಯಾಂಕಿನ ಪತ್ರ ಮತ್ತು ಫಾರ್ಮ್ 35 ಕೇಳಿ. ಕಳುವಿನ ವಾಹನವೇ ಎಂದು ತಿಳಿಯಲು ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊದ ‘ವಾಹನ ಸಮನ್ವಯ’ ಇದೆ.

15 ವರ್ಷದ ಫಾರ್ವರ್ಡ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಹಳೆ ವಾಹನ ಓಡಿಸಬಾರದು ಎಂಬ 2015 ಮತ್ತು 2018ರ ಆದೇಶಗಳು ದೆಹಲಿ ರಾಜಧಾನಿ ವಲಯದವು. ಕರ್ನಾಟಕದಲ್ಲಿ 15 ವರ್ಷ ತುಂಬಿದ ಖಾಸಗಿ ಪೆಟ್ರೋಲ್ ಕಾರು ತಪಾಸಣೆಯಲ್ಲಿ ಪಾಸಾದರೆ ಐದೈದು ವರ್ಷಕ್ಕೆ ನೋಂದಣಿ ನವೀಕರಣ ಆಗುತ್ತದೆ.

ಇನ್ನು ಎಲ್ಲಕ್ಕಿಂತ ಅಗ್ಗದ ಕಾರು, ಮೂರು ವರ್ಷದ ಪಂಚ್ ಒಂದೂವರೆ ಲಕ್ಷಕ್ಕೆ. ಮಾರುವವರು ಸೇನೆಯಲ್ಲಿದ್ದಾರಂತೆ, ವರ್ಗಾವಣೆಯಾಗಿದೆಯಂತೆ, ಸಾಗಣೆ ಖರ್ಚು ಮುಂಗಡ ಕಳಿಸಿದರೆ ಕಾರು ಮನೆ ಬಾಗಿಲಿಗೆ ಬರುತ್ತದಂತೆ. ಸಮವಸ್ತ್ರದ ಫೋಟೊ, ಗುರುತಿನ ಚೀಟಿ ಎಲ್ಲ ಕಳಿಸುತ್ತಾರೆ. ಅವು ಬೇರೆ ಯಾರದೋ ಆಗಿರುತ್ತವೆ, ಕಾರು ಇರುವುದೇ ಇಲ್ಲ. ಹಣ ಕಳಿಸಿಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಮೊದಲ ಕೆಲವು ತಾಸುಗಳಲ್ಲಿ ದೂರು ಹೋದರೆ ಹಣ ಮುಂದಿನ ಖಾತೆಗೆ ಹೋಗುವ ಮೊದಲು ತಡೆಯುವ ಅವಕಾಶ ಇರುತ್ತದೆ.